ಊರಿನ ಕೊಳವೆಬಾವಿ ಕೆಡದಂತೆ ಕಾಯಲು ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಕುಡಿಯುವ ನೀರು ಕೆಟ್ಟಿದೆ ಎಂದು ಗೊತ್ತಾದ ಊರಿನ ಗ್ರಾಮಸಭೆಯಲ್ಲಿ ಕೇಳಿಬರುವ ಬೇಡಿಕೆಗಳು ಸಾಮಾನ್ಯವಾಗಿ ಮೂರೇ: ಹೊಸ ಕೊಳವೆಬಾವಿ ಕೊರೆಸಿ, ಶುದ್ಧ ನೀರಿನ ಘಟಕ ಹಾಕಿಸಿ, ನದಿ ನೀರು ತನ್ನಿ. ಮೂರೂ ಕಣ್ಣಿಗೆ ಕಾಣುವ ಕೆಲಸಗಳು. ಗುದ್ದಲಿ ಪೂಜೆ ಮಾಡಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಈಗಿರುವ ಬಾವಿಗೆ ಹೊಲಸು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ ಅದನ್ನು ತಡೆಯೋಣ ಎನ್ನುವವರು ಕಡಿಮೆ. ಬಾವಿಯ ಬಾಯಿಗೆ ನಾಲ್ಕು ಬಾಂಡ್ಲಿ ಸಿಮೆಂಟು ಹಾಕುವ ಕೆಲಸವನ್ನು ಉದ್ಘಾಟಿಸಲು ಯಾರೂ ಬರುವುದಿಲ್ಲ.

ಒಂದೆರಡು ಕೊಳವೆಬಾವಿಗಳನ್ನೋ ತೆರೆದ ಬಾವಿಯನ್ನೋ ನಂಬಿಕೊಂಡು ಇಡೀ ಊರಿಗೆ ನೀರು ಕೊಡುವ ಪಂಚಾಯಿತಿ ಸದಸ್ಯರು, ನೀರು ಮತ್ತು ನೈರ್ಮಲ್ಯ ಸಮಿತಿಯವರು, ಬಡಾವಣೆಯ ಸಂಘದವರಿಗಾಗಿ ಈ ಬರಹ. ಎಲ್ಲವನ್ನೂ ಮಾಡಿಸುವಷ್ಟು ದುಡ್ಡು ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಯಾವುದು ಮೊದಲು ಎನ್ನುವುದನ್ನೇ ಹೆಚ್ಚಾಗಿ ನೋಡಿದ್ದೇನೆ. ನನ್ನ ಒಲವನ್ನು ಮುಚ್ಚಿಡುವುದಿಲ್ಲ: ಕೆಟ್ಟ ನೀರನ್ನು ಮೇಲೆತ್ತಿ ಶುದ್ಧ ಮಾಡುವುದಕ್ಕಿಂತ ಅದು ಕೆಡದಂತೆ ತಡೆಯುವುದು ಅಗ್ಗ, ಹೆಚ್ಚು ಕಾಲ ಬಾಳುವಂಥದ್ದು. ಫ್ಲೋರೈಡ್ ಇರುವ ಊರುಗಳಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅಲ್ಲಿಯ ಲೆಕ್ಕವೇ ಬೇರೆ.

ವರದಿ ಕೈಗೆ ಬರುವವರೆಗೆ ಏನನ್ನೂ ಆರಿಸಬೇಡಿ

ಜಿಲ್ಲೆ ಮತ್ತು ತಾಲ್ಲೂಕು ಮಟ್ಟದ ಕುಡಿಯುವ ನೀರಿನ ಪ್ರಯೋಗಾಲಯಗಳಲ್ಲಿ ನೀರನ್ನು ಪರೀಕ್ಷಿಸಿ ಕೊಡುತ್ತಾರೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಊರಿಗೆ ಐವರು ಮಹಿಳೆಯರಿಗೆ ಕಿಟ್ ಬಳಸಿ ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ನಿಮ್ಮ ಪಂಚಾಯಿತಿಯ ಕಪಾಟಿನಲ್ಲಿ ಆ ಕಿಟ್ ದೂಳು ಹಿಡಿದು ಕೂತಿದ್ದರೆ ಮೊದಲು ಅದನ್ನು ಹೊರತೆಗೆಯಿರಿ, ಅವಧಿ ಮುಗಿದಿದೆಯೇ ನೋಡಿ.

ವರದಿಯಲ್ಲಿ ಹತ್ತಾರು ಸಾಲುಗಳಿರುತ್ತವೆ. ಆಯ್ಕೆಗೆ ಮುಖ್ಯವಾದವು ನಾಲ್ಕು. ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಇದಕ್ಕೆ ಭಾರತೀಯ ಮಾನಕದಲ್ಲಿ ಯಾವ ವಿನಾಯಿತಿಯೂ ಇಲ್ಲ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ಕರಗಿದ ಲವಣಾಂಶ 500 ಮಿಲಿಗ್ರಾಂ ಒಳಗಿದ್ದರೆ ಚೆನ್ನ, ಬೇರೆ ದಾರಿಯಿಲ್ಲದಿದ್ದರೆ 2,000ದವರೆಗೆ. ಯಾದಗಿರಿ, ರಾಯಚೂರು ಜಿಲ್ಲೆಗಳ ಚಿನ್ನದ ಅದಿರಿನ ಬಂಡೆಗಳ ಸುತ್ತಮುತ್ತಲಿನವರು ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು. ಸುರಪುರದ ಕಡೆಯ ಕಿರದಳ್ಳಿ ತಾಂಡಾದ ಜನ ಆ ವಿಷವನ್ನು ಕುಡಿದು ಅನುಭವಿಸಿದ್ದಾರೆ.

ಮಾದರಿ ತೆಗೆಯುವಾಗ ಒಂದೇ ಬಾಟಲಿ ತುಂಬಿ ಕಳಿಸುವುದು ರೂಢಿ. ಎರಡು ತುಂಬಿ. ಒಂದನ್ನು ಬಾವಿಯ ಬಾಯಿಂದಲೇ, ಪಂಪು ಹತ್ತು ನಿಮಿಷ ಓಡಿದ ಮೇಲೆ; ಇನ್ನೊಂದನ್ನು ಊರಿನ ಕೊನೆಯ ನಲ್ಲಿಯಿಂದ. ಮೊದಲನೆಯದು ಚೊಕ್ಕಟವಾಗಿದ್ದು ಎರಡನೆಯದರಲ್ಲಿ ಇ. ಕೋಲಿ ಕಂಡರೆ ತಪ್ಪು ನಿಮ್ಮ ಪೈಪಿನದ್ದು, ನೆಲದ್ದಲ್ಲ. ಚರಂಡಿಯೊಳಗೇ ಹಾದುಹೋಗಿರುವ ಪೈಪು, ಕೊಚ್ಚೆ ತುಂಬಿದ ವಾಲ್ವ್ ಗುಂಡಿ, ವರ್ಷಗಟ್ಟಲೆ ತೊಳೆಯದ ತೊಂಬೆ, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ಸರಿಪಡಿಸಿದರೆ ಮುಗಿಯಿತು, ಮುಂದಿನದ್ದನ್ನು ಓದುವ ಅಗತ್ಯವೂ ಇಲ್ಲ.

ಬಾವಿಯ ನೀರೇ ಕೆಟ್ಟಿದ್ದರೆ ಯಾವುದು ಹೆಚ್ಚಿದೆ ಎನ್ನುವುದು ಕಾರಣವನ್ನೂ ಹೇಳುತ್ತದೆ. ಇ. ಕೋಲಿ ಇದ್ದು ನೈಟ್ರೇಟ್ ಕಡಿಮೆ ಇದ್ದರೆ ಮಲದ ಅಂಶ ಹತ್ತಿರದಿಂದ, ಈಗಷ್ಟೇ, ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರವಾಗಿ ಇಳಿಯುತ್ತಿದೆ. ಬ್ಯಾಕ್ಟೀರಿಯಾ ಇಲ್ಲದೆ ನೈಟ್ರೇಟ್ ಮಾತ್ರ ಏರಿದ್ದರೆ ಅದು ವರ್ಷಾನುಗಟ್ಟಲೆ ಊರಿನ ಗುಂಡಿ, ತಿಪ್ಪೆ, ಹೊಲಗಳಿಂದ ಇಳಿದು ಸೇರಿದ್ದು. ಜೊತೆಗೆ ಕ್ಲೋರೈಡ್ ಕೂಡ ಹೆಚ್ಚಿದ್ದರೆ ಹೊಲದ ಯೂರಿಯಾಕ್ಕಿಂತ ಊರಿನ ಕೊಳಚೆಯ ಮೇಲೆ ಅನುಮಾನ ಪಡಬೇಕು. ಫ್ಲೋರೈಡ್ ಬಂಡೆಯಿಂದ ಬರುವಂಥದ್ದು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಪ್ರಯೋಗಾಲಯ ಬೇಡದ ಇನ್ನೊಂದು ಪರೀಕ್ಷೆ ನೀರುಗಂಟಿಯ ನೆನಪಿನಲ್ಲಿರುತ್ತದೆ. ಜೋರು ಮಳೆಯಾದ ದಿನ ಕೊಳವೆಬಾವಿಯ ನೀರು ಕೆಂಪಾಗುತ್ತದೆಯೇ ಎಂದು ಅವರನ್ನು ಕೇಳಿ. ನೂರಾರು ಅಡಿ ಆಳದ ನೀರು ಕೆಲವೇ ಗಂಟೆಗಳಲ್ಲಿ ಕದಡಬೇಕಾದರೆ ಮೇಲಿನಿಂದ ನೇರ ದಾರಿಯೊಂದು ಇರಲೇಬೇಕು.

ಹೊಸದಾಗಿ ಕೊರೆಸುವುದೋ, ಹಳೆಯದರ ಬಾಯಿ ಭದ್ರಪಡಿಸುವುದೋ

ಆ ನೇರ ದಾರಿ ಬಹುಪಾಲು ಕೇಸಿಂಗ್ ಪೈಪಿನ ಹೊರಮೈ. ರಿಗ್ ಲಾರಿಯವರು ಮೇಲಿನ ಸಡಿಲ ಮಣ್ಣು, ಕೊಳೆತ ಕಲ್ಲನ್ನು ದಾಟಿ ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುತ್ತಾರೆ. ಅಡಿಯ ಲೆಕ್ಕದಲ್ಲಿ ದುಡ್ಡಾದ್ದರಿಂದ ಕೊರೆಸುವವರೂ ಒಂದೆರಡು ಉದ್ದ ಉಳಿಸಲು ನೋಡುತ್ತಾರೆ. ಕೊರೆದ ರಂಧ್ರಕ್ಕೂ ಪೈಪಿಗೂ ನಡುವೆ ಉಳಿದ ಸಂದಿಯನ್ನು ಸಿಮೆಂಟು ಗಾರೆಯಿಂದಲೋ ಜೇಡಿಯಿಂದಲೋ ತುಂಬಬೇಕು. ಆ ಕೆಲಸ ದರಪಟ್ಟಿಯಲ್ಲಿ ಇರುವುದಿಲ್ಲ, ಲಾರಿಯವರಿಗೆ ಮುಂದಿನ ಪಾಯಿಂಟಿಗೆ ಹೋಗುವ ಅವಸರ. ಸಂದಿ ಹಾಗೆಯೇ ಉಳಿಯುತ್ತದೆ.

ನಿಮ್ಮ ಬಾವಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿ. ಕೇಸಿಂಗ್ ನೆಲಮಟ್ಟಕ್ಕೇ ಕತ್ತರಿಸಿದೆಯೇ? ಕೇಬಲ್ ಇಳಿಸಲು ಮಾಡಿದ ತೂತಿಗೆ ಗೋಣಿಚೀಲದ ತುಂಡು ತುರುಕಿದ್ದಾರೆಯೇ? ವಾಲ್ವ್ ಸೋರಿ ಸುತ್ತ ಕೆಸರು ನಿಂತಿದೆಯೇ? ಅಲ್ಲೇ ಎಮ್ಮೆ ನೀರು ಕುಡಿದು ಸಗಣಿ ಹಾಕುತ್ತಿದೆಯೇ, ಅಲ್ಲೇ ಬಟ್ಟೆ ಒಗೆಯುತ್ತಿದ್ದಾರೆಯೇ? ಪೈಪಿನ ಬುಡದಲ್ಲಿ ಕಡ್ಡಿಯೊಂದನ್ನು ಚುಚ್ಚಿದರೆ ಸಲೀಸಾಗಿ ಇಳಿಯುತ್ತದೆಯೇ? ನಾನು ನೋಡಿದ ಒಂದು ಬಾವಿಯಲ್ಲಿ ಬುಡಕ್ಕೆ ಸುರಿದ ಒಂದು ಕೊಡ ನೀರು ನಿಲ್ಲದೆ ಗುಳುಗುಳು ಎಂದು ಇಳಿದುಹೋಯಿತು. ಆ ಊರಿನಲ್ಲಿ ಆಗಲೇ ಹೊಸ ಬಾವಿಗೆ ಟೆಂಡರ್ ಕರೆದಿದ್ದರು.

ದುರಸ್ತಿ ದೊಡ್ಡ ಕೆಲಸವಲ್ಲ. ಕೇಸಿಂಗನ್ನು ನೆಲದಿಂದ ಒಂದೂವರೆ ಅಡಿಯಷ್ಟು ಮೇಲಕ್ಕೆ ಏರಿಸಬೇಕು. ಸುತ್ತ ಸಾಧ್ಯವಾದಷ್ಟು ಆಳಕ್ಕೆ ಅಗೆದು ಸಂದಿಯನ್ನು ಗಾರೆಯಿಂದ ತುಂಬಬೇಕು. ಅದರ ಮೇಲೆ ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಕಟ್ಟೆ. ಕೊಳವೆಬಾವಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಲ್ಲಿ ಅರ್ಧ ಮೀಟರ್ ಉದ್ದಗಲದ, ನೆಲದ ಮೇಲೆ 30 ಸೆಂಟಿಮೀಟರ್ ಮತ್ತು ಕೆಳಗೆ 30 ಸೆಂಟಿಮೀಟರ್ ಇರುವ ಕಟ್ಟೆ ಕಡ್ಡಾಯ. ಅದು ಜೀವ ಕಾಯುವ ಲೆಕ್ಕ. ನೀರು ಕಾಯಲು ಇನ್ನಷ್ಟು ಅಗಲವಿರಲಿ. ಬಿಗಿಯಾದ ಮುಚ್ಚಳ, ಕೇಬಲ್ ತೂತಿಗೆ ರಬ್ಬರ್ ಬಿರಡೆ, ಸುತ್ತ ಬೇಲಿ, ಸೋರುವ ನೀರು ದೂರ ಹರಿಯಲು ಕಾಲುವೆ. ಕೊನೆಗೊಮ್ಮೆ ಬಾವಿಗೆ ಕ್ಲೋರಿನ್ ಹಾಕಿ, ವಾಸನೆ ಹೋಗುವವರೆಗೆ ನೀರು ಹೊರಚೆಲ್ಲಬೇಕು. ಇಷ್ಟಕ್ಕೆ ತಗಲುವ ಖರ್ಚು ಹೊಸ ಬಾವಿಯ ಮುಂದೆ ಚಿಲ್ಲರೆ.

ಹೊಸದನ್ನು ಕೊರೆಸಲೇಬೇಕಾದ ಸಂದರ್ಭ ಇಲ್ಲವೆಂದಲ್ಲ. ಹಳೆಯ ಬಾವಿ ಊರಿನ ಇಳಿಜಾರಿನ ಕೆಳತುದಿಯಲ್ಲಿ, ಮನೆಗಳ ಗುಂಡಿಗಳ ನಡುವೆ ಇದ್ದರೆ ಬಾಯಿ ಮುಚ್ಚಿ ಪ್ರಯೋಜನವಿಲ್ಲ. ಬಿರುಕುಗಳ ಮೂಲಕವೇ ಹೊಲಸು ಬರುತ್ತದೆ. ಊರಿನ ಮೇಲ್ಭಾಗಕ್ಕೆ ಹೋಗಿ. ಆದರೆ ಕರಾರಿನಲ್ಲಿ ಕೇಸಿಂಗ್ ಸಂದಿಗೆ ಗಾರೆ ತುಂಬುವುದನ್ನು ಪ್ರತ್ಯೇಕ ಬಾಬ್ತಾಗಿ ಬರೆಸಿ, ಆ ಹೊತ್ತಿಗೆ ಸಮಿತಿಯವರೊಬ್ಬರು ಅಲ್ಲಿ ನಿಂತಿರಲಿ. ಬಿಟ್ಟ ಹಳೆಯ ಬಾವಿಯನ್ನು ತಳದಿಂದ ಮೇಲಿನವರೆಗೆ ಜೇಡಿ, ಮರಳು, ಕಲ್ಲು ಹಾಕಿ ಮುಚ್ಚಬೇಕು. ಬಾಯಿ ತೆರೆದುಕೊಂಡ ಬತ್ತಿದ ಬಾವಿ ಮಗುವಿಗೆ ಎಷ್ಟು ಅಪಾಯವೋ ನೀರಿಗೂ ಅಷ್ಟೇ: ಊರಿನ ಕೊಳಚೆಗೆ ಅದು ನೆಟ್ಟಗಿನ ಕೊಳಾಯಿ.

ಶೌಚದ ಗುಂಡಿ: ಆಳವಾದಷ್ಟೂ ಒಳ್ಳೆಯದೆಂಬ ನಂಬಿಕೆ

ಮನೆ ಕಟ್ಟುವವರನ್ನು ಕೇಳಿದರೆ ಇಪ್ಪತ್ತು ರಿಂಗ್ ಇಳಿಸಿದ್ದೇವೆ, ಇನ್ನು ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಾರೆ. ತುಂಬದಿರುವುದಕ್ಕೆ ಕಾರಣ ಅದು ಕೆಳಗೆ ಹರಿದುಹೋಗುತ್ತಿರುವುದು. ಮಲದ ರೋಗಾಣುಗಳನ್ನು ಕೊಲ್ಲುವುದು ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವಿನ ಒಣ ಮಣ್ಣು. ಗುಂಡಿ ಆಳವಾದಷ್ಟೂ ಆ ಮಣ್ಣು ಕಡಿಮೆ. ಕನಿಷ್ಠ ಎರಡು ಮೀಟರ್ ಮಣ್ಣು ಮಳೆಗಾಲದಲ್ಲೂ ನಡುವೆ ಉಳಿಯಬೇಕು.

ಈಗ ಹೋಲಿಸೋಣ. ಒಂಟಿ ಆಳ ಗುಂಡಿ ಕಟ್ಟಲು ಸುಲಭ, ಅಂತರ್ಜಲಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಜೋಡಿ ಗುಂಡಿ ಇದಕ್ಕೆ ತದ್ವಿರುದ್ಧ: ಸುಮಾರು ಒಂದು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳದ ಎರಡು ಗುಂಡಿಗಳು, ಗೋಡೆಯ ಇಟ್ಟಿಗೆಗಳ ನಡುವೆ ತೂತು, ತಳದಲ್ಲಿ ಬರೀ ಮಣ್ಣು. ಒಂದು ತುಂಬಿದ ಮೇಲೆ ನಡುವಿನ ಕವಲು ಗುಂಡಿಯಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡುತ್ತಾರೆ. ಮುಚ್ಚಿಟ್ಟದ್ದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರ. ಇದು ನನ್ನ ಮೊದಲ ಆಯ್ಕೆ, ಆದರೆ ಎರಡೂ ಗುಂಡಿಗೆ ಒಟ್ಟಿಗೇ ನೀರು ಬಿಟ್ಟಿರುವ ಮನೆಗಳನ್ನು ಬೇಕಾದಷ್ಟು ನೋಡಬಹುದು. ಮೇಸ್ತ್ರಿಗೆ ಹೇಳಿಕೊಟ್ಟವರಿಲ್ಲ. ಕವಲು ಗುಂಡಿಯ ಮುಚ್ಚಳ ತೆಗೆದು ನೋಡದೆ ಬಿಲ್ಲಿಗೆ ಸಹಿ ಹಾಕಬೇಡಿ.

ಸೆಪ್ಟಿಕ್ ಟ್ಯಾಂಕ್ ಎಂದು ಹೇಳಿಕೊಳ್ಳುವ ಹಲವು ರಚನೆಗಳಿಗೆ ತಳವೇ ಇರುವುದಿಲ್ಲ. ತಳ, ಅಡ್ಡಗೋಡೆ, ಹೊರಗೊಂದು ಇಂಗುಗುಂಡಿ ಇರುವ ನಿಜವಾದ ಟ್ಯಾಂಕ್ ಜಲಮಟ್ಟ ಮೇಲಿರುವ ಕಡೆ, ಅಂದರೆ ತುಂಗಭದ್ರಾ ಅಥವಾ ಕೃಷ್ಣಾ ಕಾಲುವೆಯ ಅಚ್ಚುಕಟ್ಟಿನ ಊರುಗಳಲ್ಲಿ, ಒಂಟಿ ಗುಂಡಿಗಿಂತ ವಾಸಿ. ಅದರಿಂದ ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗಾಣುಗಳಿಂದ ತುಂಬಿರುತ್ತದೆ; ಇಂಗುಗುಂಡಿಯನ್ನು ನೆಲಮಟ್ಟದಿಂದ ಏರಿಸಿದ ಮಣ್ಣಿನ ದಿಬ್ಬದಲ್ಲಿ ಮಾಡಬೇಕಾಗಬಹುದು. ಕೆಲವು ವರ್ಷಗಳಿಗೊಮ್ಮೆ ಕೆಸರು ಎತ್ತಿಸಲೇಬೇಕು, ಅದೂ ಯಂತ್ರದಿಂದ ಮಾತ್ರ; ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಆ ಟ್ಯಾಂಕರ್ ಎತ್ತಿದ್ದನ್ನು ಎಲ್ಲಿ ಸುರಿಯುತ್ತದೆ ಎಂದು ಕೇಳಿದ್ದೀರಾ? ದೇವನಹಳ್ಳಿಯಲ್ಲಿ 2015ರಿಂದ ಇರುವಂಥ ಮಲದ ಕೆಸರು ಸಂಸ್ಕರಣಾ ಘಟಕ ಹತ್ತಿರದಲ್ಲಿ ಇಲ್ಲದಿದ್ದರೆ ಉತ್ತರ ಸಾಮಾನ್ಯವಾಗಿ ಯಾವುದೋ ಹಳ್ಳದ ದಂಡೆ.

ಬಾವಿಗೂ ಗುಂಡಿಗೂ ಎಷ್ಟು ದೂರ? ಹತ್ತು ಮೀಟರ್, ಹದಿನೈದು ಮೀಟರ್ ಎಂಬ ಅಂಕಿಗಳು ಎಲ್ಲರ ಬಾಯಲ್ಲೂ ಇವೆ. ಅವು ಮಣ್ಣಿನ ಲೆಕ್ಕ. ಕೋಲಾರ, ತುಮಕೂರಿನ ಕಡೆ ಮಣ್ಣಿನ ಹೊದಿಕೆ ತೆಳ್ಳಗಿದ್ದು ಬಂಡೆ ಮೇಲೆಯೇ ಸಿಗುವಲ್ಲಿ, ಕರಾವಳಿಯ ಮುರಕಲ್ಲಿನಲ್ಲಿ, ನೀರು ಸೋಸಿಕೊಳ್ಳದೆ ಬಿರುಕು ಮತ್ತು ಪೊಟರೆಗಳಲ್ಲಿ ಓಡುತ್ತದೆ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿಯ ಸುತ್ತ ಗೆರೆ ಎಳೆಯುವಾಗ ಮೀಟರ್ ಎಣಿಸುವುದಷ್ಟೇ ಅಲ್ಲ. ನೆಲದೊಳಗೆ ನೀರು ಬಾವಿ ತಲುಪಲು 50 ದಿನ ಹಿಡಿಯುವ ಜಾಗದವರೆಗೆ ಒಳವಲಯ ಎಂದು ಗುರುತಿಸುತ್ತಾರೆ, ಅಷ್ಟರಲ್ಲಿ ರೋಗಾಣುಗಳು ಸಾಯುತ್ತವೆಂಬ ಲೆಕ್ಕ. ಬಿರುಕುಬಿಟ್ಟ ಗ್ರಾನೈಟಿನಲ್ಲಿ 50 ದಿನದ ಹಾದಿ ಊರಿನ ಗಡಿಯನ್ನೂ ದಾಟಬಹುದು. ಆದ್ದರಿಂದ ಇಳಿಜಾರು ನೋಡಿ, ಗುಂಡಿ ಬಾವಿಯ ಕೆಳಪಕ್ಕಕ್ಕೆ ಬರುವಂತೆ ಮಾಡಿ, ಜಾಗವಿದ್ದಷ್ಟೂ ದೂರ ಹೋಗಿ.

ನಮ್ಮಲ್ಲಿಯೂ ಗೆರೆ ಎಳೆದ ಕಾನೂನಿದೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಬಂದ 1999ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡುವಂತಿಲ್ಲ. ಆದರೆ ಅದು ನೀರಿನ ಪ್ರಮಾಣವನ್ನು ಕಾಯುವ ಗೆರೆ. ಆ ವೃತ್ತದೊಳಗೆ ಗುಂಡಿ ತೋಡಲು, ತಿಪ್ಪೆ ಹಾಕಲು ಅದು ಅಡ್ಡಿ ಮಾಡುವುದಿಲ್ಲ. ಆ ನಿರ್ಬಂಧವನ್ನು ಗ್ರಾಮಸಭೆಯೇ ಠರಾವು ಮಾಡಿ, ಮನೆ ಕಟ್ಟಲು ಪರವಾನಗಿ ಕೊಡುವ ಹಂತದಲ್ಲಿ ಜಾರಿಗೆ ತರಬೇಕು.

ಇನ್ನು ಒಂದು ಕಹಿ ಸಂಗತಿ. ಜೋಡಿ ಗುಂಡಿಯಾಗಲಿ ಸೆಪ್ಟಿಕ್ ಟ್ಯಾಂಕಾಗಲಿ ನೈಟ್ರೇಟನ್ನು ಹಿಡಿದಿಡುವುದಿಲ್ಲ. ಮಣ್ಣು ರೋಗಾಣುವನ್ನು ತಡೆಯುತ್ತದೆ, ಮೂತ್ರದ ಸಾರಜನಕವನ್ನು ನೈಟ್ರೇಟ್ ಮಾಡಿ ಕೆಳಗೆ ಕಳಿಸಿಬಿಡುತ್ತದೆ. ಮನೆಗಳು ವಿರಳವಾಗಿದ್ದರೆ ಮಳೆ ಅದನ್ನು ತೆಳುವಾಗಿಸುತ್ತದೆ. ಗೋಡೆಗೆ ಗೋಡೆ ತಾಗಿದ ಮುನ್ನೂರು ಮನೆಗಳ ಊರಿನಲ್ಲಿ ಪ್ರತಿ ಮನೆಗೂ ಒಂದು ಗುಂಡಿ ಎಂದರೆ ನೈಟ್ರೇಟ್ ಏರದೆ ಇರದು. ಅಂಥ ಕಡೆ ಮೂತ್ರವನ್ನು ಬೇರ್ಪಡಿಸುವ ಇಕೋಸ್ಯಾನ್ ಶೌಚಾಲಯ ತತ್ವದಲ್ಲಿ ಅತ್ಯುತ್ತಮ, ಬಳಕೆಯಲ್ಲಿ ಕಷ್ಟ. ನೀರು ಬಳಸುವ ನಮ್ಮ ಜನಕ್ಕೆ ಅದು ಒಗ್ಗುವುದು ವಿರಳ. ಕೊಳಚೆಯನ್ನು ಪೈಪಿನಲ್ಲಿ ಊರ ಹೊರಗೆ ಒಯ್ದು ಸಂಸ್ಕರಿಸಿ ತೋಟಕ್ಕೆ ಬಿಡುವ ಸಣ್ಣ ಒಳಚರಂಡಿಯೇ ಅಲ್ಲಿ ಉಳಿಯುವ ದಾರಿ. ದುಬಾರಿ, ಹೌದು.

ತಿಪ್ಪೆ ಮತ್ತು ಬಚ್ಚಲ ನೀರು

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಎಲ್ಲರೂ ಯೂರಿಯಾ ಚೀಲದತ್ತ ಬೆರಳು ತೋರುತ್ತಾರೆ. ಅದರ ಪಾಲು ಇದೆ, ಆದರೆ ಹೊಲದ ಗೊಬ್ಬರ ಕಡಿಮೆ ಮಾಡಿಸುವುದು ಒಂದು ಪಂಚಾಯಿತಿಯ ಕೈಯಲ್ಲಿರುವ ಕೆಲಸವಲ್ಲ. ಬಾವಿಯ ನೂರು ಮೀಟರ್ ಒಳಗಿನ ತಿಪ್ಪೆಗುಂಡಿ ಕೈಯಲ್ಲಿದೆ. ಮಳೆಗಾಲದಲ್ಲಿ ತಿಪ್ಪೆಯ ತಳದಿಂದ ಇಳಿಯುವ ಕಪ್ಪು ರಸ ಕೊಳಚೆಗಿಂತಲೂ ದಟ್ಟವಾದದ್ದು. ತಿಪ್ಪೆಯನ್ನು ಬಾವಿಯ ಕೆಳಪಕ್ಕಕ್ಕೆ ಸಾಗಿಸುವುದು, ತಳಕ್ಕೆ ಚಪ್ಪಡಿ ಹಾಸಿ ಮೇಲೊಂದು ಸೋಗೆಯ ಮಾಡು ಹೊದಿಸುವುದು, ಹಸುಗಳಿದ್ದವರಿಗೆ ಗೋಬರ್ ಗ್ಯಾಸ್ ಮಾಡಿಸುವುದು, ಈ ಮೂರರಲ್ಲಿ ಮೊದಲನೆಯದು ಬಿಟ್ಟಿ, ಮೂರನೆಯದಕ್ಕೆ ಸಹಾಯಧನ ಸಿಗುತ್ತದೆ. ಜಗಳವಾಗುವುದೂ ಮೊದಲನೆಯದಕ್ಕೇ, ಏಕೆಂದರೆ ತಿಪ್ಪೆಯ ಜಾಗ ಎಂದರೆ ಹಕ್ಕು.

ಉದ್ಯೋಗ ಖಾತರಿಯಲ್ಲಿ ಊರೂರಲ್ಲೂ ಮಾಡಿಸಿದ ಬಚ್ಚಲುಗುಂಡಿಗಳ ಬಗ್ಗೆ ಆತಂಕ ಬೇಡ. ಸ್ನಾನದ, ಪಾತ್ರೆಯ ನೀರಿನಲ್ಲಿ ಸಾರಜನಕ ಕಡಿಮೆ. ಶೌಚದ ಪೈಪನ್ನು ಅದಕ್ಕೆ ಜೋಡಿಸಿಲ್ಲ ಎಂಬುದನ್ನಷ್ಟೇ ನೋಡಿಕೊಳ್ಳಿ.

ಇಂಗಿಸುವುದು: ಕೆರೆಯ ಮೂಲಕವೋ, ಕೊಳವೆಯ ಮೂಲಕವೋ

ನೈಟ್ರೇಟ್, ಫ್ಲೋರೈಡ್ ಎರಡನ್ನೂ ತೆಳುವಾಗಿಸಲು ಮಳೆನೀರಿಗಿಂತ ಅಗ್ಗದ್ದು ಇಲ್ಲ. ಆದರೆ ಇಂಗಿಸುವ ಬಗೆಯಲ್ಲಿ ವ್ಯತ್ಯಾಸವಿದೆ. ಕೆರೆ, ಗೋಕಟ್ಟೆ, ಕರಾವಳಿಯ ಮದಕ, ಬದುಗಳ ಮೂಲಕ ಇಂಗುವ ನೀರು ಮಣ್ಣನ್ನು ಹಾದು ಹೋಗುತ್ತದೆ. ನಿಧಾನ, ಆದರೆ ಚೊಕ್ಕಟ. ಕೊಳವೆಬಾವಿಯ ಸುತ್ತ ಹತ್ತಡಿ ಗುಂಡಿ ತೆಗೆದು, ಕೇಸಿಂಗಿಗೆ ತೂತು ಕೊರೆದು ಜಾಲರಿ ಸುತ್ತಿ, ದಪ್ಪಕಲ್ಲು, ಜಲ್ಲಿ, ಮರಳು ತುಂಬಿ ನೇರವಾಗಿ ನೀರು ಬಿಡುವ ವಿಧಾನ ಬತ್ತಿದ ಬಾವಿಗೆ ಜೀವ ಕೊಟ್ಟ ಉದಾಹರಣೆಗಳು ಚಿತ್ರದುರ್ಗದ ಸೀಮೆಯಲ್ಲಿ ಧಾರಾಳ. ಹೊಲದ ನೀರಾವರಿ ಬಾವಿಗೆ ಅದನ್ನು ಮಾಡಿ. ಊರು ಕುಡಿಯುವ ಬಾವಿಗೆ ಮಾತ್ರ ಹೊಲದ, ರಸ್ತೆಯ ಹರಿವನ್ನು ಎಂದೂ ಬಿಡಬೇಡಿ. ಕೆಲವು ಅಡಿ ಮರಳು ಕೆಸರನ್ನು ತಡೆಯುತ್ತದೆ, ಕೀಟನಾಶಕವನ್ನೂ ಇ. ಕೋಲಿಯನ್ನೂ ಅಲ್ಲ. ಶಾಲೆಯ ಅಥವಾ ಸಮುದಾಯ ಭವನದ ಚಾವಣಿಯ ನೀರನ್ನು, ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ, ಬಿಡಬಹುದು.

ಇದೇ ಪ್ರಶ್ನೆಯ ದೊಡ್ಡ ರೂಪ ಕೋಲಾರದ್ದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಅಲ್ಲಿನ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬತ್ತಿದ ಬಾವಿಗಳಲ್ಲಿ ನೀರು ಬಂದದ್ದು ನಿಜ. ಉಳಿದ ಸಾರಜನಕ, ರಂಜಕ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಆಗಬೇಕೆಂಬ ಹೋರಾಟಗಾರರ ಬೇಡಿಕೆಯೂ ನ್ಯಾಯವಾದದ್ದೇ. ಆ ಕೆರೆಗಳ ಮಗ್ಗುಲಿನ ಊರಿನವರು ಅದನ್ನು ಬೇಸಾಯದ ನೀರೆಂದು ಭಾವಿಸಿ, ಕುಡಿಯುವ ಬಾವಿಯನ್ನು ಪದೇ ಪದೇ ಪರೀಕ್ಷಿಸುತ್ತಿರುವುದು ಕ್ಷೇಮ.

ಶುದ್ಧ ಮಾಡುವುದಾದರೆ ಯಾವುದರಿಂದ

ಬ್ಲೀಚಿಂಗ್ ಪುಡಿ ರೋಗಾಣುಗಳಿಗೆ ಮದ್ದು, ಬೇರಾವುದಕ್ಕೂ ಅಲ್ಲ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. 20,000 ಲೀಟರಿನ ತೊಂಬೆಗೆ 50 ಗ್ರಾಂ. ಎರಡು ಮೀಟರ್ ಅಗಲದ ತೆರೆದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅದಕ್ಕೆ 24 ಗ್ರಾಂ. ಇದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಹಾಕಬೇಕು. ಒಂದು ಗಂಟೆ ನೀರು ಬಿಡಬಾರದು. ವಾಡಿಕೆ ಹೇಗಿದೆಯೆಂದರೆ, ವಾಂತಿಭೇದಿ ಕಾಣಿಸಿಕೊಂಡಾಗ ಮುಷ್ಟಿಗಟ್ಟಲೆ ಸುರಿಯುತ್ತಾರೆ, ಜನ ವಾಸನೆ ಎಂದು ಬೈಯುತ್ತಾರೆ, ಆಮೇಲೆ ಆರು ತಿಂಗಳು ಏನೂ ಇಲ್ಲ. ಬಾಯಿ ತೆರೆದಿಟ್ಟ ಚೀಲದ ಪುಡಿ ತೇವ ಹೀರಿ ಬರೀ ಸುಣ್ಣವಾಗಿರುತ್ತದೆ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡುವುದೊಂದೇ ಸರಿಯಾದ ಅಳತೆ.

ಕಾಯಿಸುವುದರಿಂದ ನೈಟ್ರೇಟೂ ಫ್ಲೋರೈಡೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಇನ್ನೂ ದಟ್ಟವಾಗುತ್ತವೆ. ಹಸುಗೂಸಿಗೆ ಕಾಯಿಸಿ ಆರಿಸಿದ ನೀರು ಕೊಡುವ ತಾಯಂದಿರಿಗೆ ಇದನ್ನು ಆಶಾ ಕಾರ್ಯಕರ್ತೆಯರು ಹೇಳಲೇಬೇಕು. ನೈಟ್ರೇಟ್ ಹೆಚ್ಚಿದ್ದರೆ ಎಳೆಮಕ್ಕಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ.

ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಆರ್‌ಒ ಘಟಕ ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಹಾಯಿಸಿ ಹೆಚ್ಚುಕಡಿಮೆ ಎಲ್ಲವನ್ನೂ ತೆಗೆಯುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ಸೀಮೆಗಳಲ್ಲಿ ಅದು ಮೂಳೆ ಬಾಗುವುದನ್ನು ತಪ್ಪಿಸಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ನೈಟ್ರೇಟಿಗೂ ಇ. ಕೋಲಿಗೂ ಅದನ್ನೇ ಹಾಕಿ ಕೈತೊಳೆದುಕೊಳ್ಳುವುದಕ್ಕೆ. ಘಟಕ ಬಂದ ಮೇಲೆ ಬಾವಿಯನ್ನು ಯಾರೂ ಕೇಳುವುದಿಲ್ಲ. ಕೊಡುವ ನೀರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ತ್ಯಾಜ್ಯ ನೀರು ಎಲ್ಲ ಲವಣವನ್ನೂ ಹೊತ್ತು ಹಿಂಬದಿಯ ಚರಂಡಿಗೆ ಬೀಳುತ್ತದೆ, ಅಲ್ಲಿಂದ ಅದೇ ನೆಲಕ್ಕೆ. ಪೊರೆ ಬದಲಿಸಲು ಹಣವಿಲ್ಲದೆ ನಿಂತ ಘಟಕಗಳು ಹಲವು ತಾಲ್ಲೂಕುಗಳಲ್ಲಿ ಸಿಗುತ್ತವೆ.

ಫ್ಲೋರೈಡಿಗೆ ಇನ್ನೊಂದು ದಾರಿಯನ್ನು ಇದರ ಪಕ್ಕದಲ್ಲಿಟ್ಟು ತೂಗಬೇಕು: ಚಾವಣಿ ನೀರಿನ ತೊಟ್ಟಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಕಡೆ 50 ಚದರ ಮೀಟರ್ ಚಾವಣಿಯಿಂದ, ಐದರಲ್ಲೊಂದು ಪಾಲು ನಷ್ಟ ಕಳೆದರೂ, 24,000 ಲೀಟರ್ ಸಿಗುತ್ತದೆ. ಐವರ ಮನೆಗೆ ತಲೆಗೆ ಐದು ಲೀಟರಿನಂತೆ ಕುಡಿಯಲು, ಅಡುಗೆಗೆ ವರ್ಷಕ್ಕೆ ಬೇಕಾದ್ದು 9,125 ಲೀಟರ್. ಹತ್ತು ಸಾವಿರ ಲೀಟರಿನ ಮುಚ್ಚಿದ ತೊಟ್ಟಿಗೆ ಒಮ್ಮೆ ಖರ್ಚು. ಕರೆಂಟು ಬೇಡ, ಪೊರೆ ಬೇಡ, ತ್ಯಾಜ್ಯವಿಲ್ಲ. ಹೆಂಚು ಅಥವಾ ಆರ್‌ಸಿಸಿ ಚಾವಣಿ ಇರುವ ಮನೆಗಳಿಗೆ ಇದೇ ಮೇಲು, ಹುಲ್ಲು ಮಾಡಿನವರಿಗೆ ಮತ್ತು ಜಾಗವಿಲ್ಲದವರಿಗೆ ಘಟಕವೇ ಗತಿ.

ನದಿ ನೀರು ಬಂದ ಮೇಲೆ

ಬಹುಗ್ರಾಮ ಯೋಜನೆಯ ಪೈಪು ಊರಿಗೆ ಬಂದರೆ ಬೇಡವೆನ್ನಬೇಡಿ. ಆದರೆ ದೂರದ ಅಣೆಕಟ್ಟಿನಿಂದ ಬರುವ ನೀರು ಕರೆಂಟು ಹೋದರೆ, ಪೈಪು ಒಡೆದರೆ, ಬೇಸಿಗೆಯಲ್ಲಿ ಮಟ್ಟ ಇಳಿದರೆ ನಿಲ್ಲುತ್ತದೆ. ಆಗ ಊರು ಮತ್ತೆ ಅದೇ ಕೊಳವೆಬಾವಿಯ ಮುಂದೆ ಕೊಡ ಹಿಡಿದು ನಿಲ್ಲಬೇಕು. ಆದ್ದರಿಂದ ಬಾವಿಯನ್ನು ಕಾಯುವುದನ್ನು ಬಿಡಬೇಡಿ. ಹದಿನೈದನೇ ಹಣಕಾಸು ಆಯೋಗ ಪಂಚಾಯಿತಿ ಅನುದಾನದ ಶೇ 60ನ್ನು ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಸಮವಾಗಿ ಕಟ್ಟಿಟ್ಟಿತ್ತು; ಬಾವಿಯ ಕಟ್ಟೆ, ಗುಂಡಿ ದುರಸ್ತಿಯಂಥ ಕೆಲಸ ಇಂಥ ಬಾಬ್ತಿನಲ್ಲೇ ಬರುತ್ತದೆ.

ಪಕ್ಕದಲ್ಲಿ ಕಾರ್ಖಾನೆ ಬರುವುದಾದರೆ

ಇಲ್ಲಿ ಮೇಲಿನ ಯಾವ ಹೋಲಿಕೆಯೂ ಕೆಲಸಕ್ಕೆ ಬಾರದು. ಪೀಣ್ಯದಲ್ಲಿ ಲೋಹಲೇಪನ ಘಟಕಗಳಿಂದ ಇಳಿದ ಕ್ರೋಮಿಯಂ, ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕಾರ್ಖಾನೆ ಬಿಟ್ಟುಹೋದ ಕ್ರೋಮಿಯಂ ರಾಶಿ, ಇವು ನೆಲಕ್ಕೆ ಸೇರಿದ ಮೇಲೆ ತೆಗೆಯಲು ದಶಕಗಳು ಸಾಲುವುದಿಲ್ಲ. ಬತ್ತಿದ ಕೊಳವೆಬಾವಿಗೆ ರಾತ್ರಿ ತ್ಯಾಜ್ಯ ಸುರಿಯುವುದು 1974ರ ಜಲ ಕಾಯ್ದೆಯಂತೆ ನಿಷಿದ್ಧ; ಬಾವಿ ಎಂಬ ಮಾತು ಆ ಕಾಯ್ದೆಯಲ್ಲೇ ಇದೆ. ದೂರು ಕೊಡಬೇಕಾದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಅಲ್ಲಿ ಮೊದಲು ಕೇಳುವ ಪ್ರಶ್ನೆ, ಕಾರ್ಖಾನೆ ಬರುವ ಮುಂಚೆ ನಿಮ್ಮ ನೀರು ಹೇಗಿತ್ತು ಎಂಬುದು. ಭೂಮಿ ಸ್ವಾಧೀನದ ಸುದ್ದಿ ಕಿವಿಗೆ ಬಿದ್ದ ವಾರವೇ ಊರಿನ ಎಲ್ಲ ಕುಡಿಯುವ ಬಾವಿಗಳ ನೀರನ್ನು ಭಾರ ಲೋಹಗಳನ್ನೂ ಸೇರಿಸಿ ಪರೀಕ್ಷಿಸಿ, ವರದಿಯ ಪ್ರತಿಯನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅಂಟಿಸಿ, ಪಿಡಿಒ ಸಹಿ ಮತ್ತು ಮೊಹರು ಹಾಕಿಸಿಡಿ.